ಮೂವರು ಅಧ್ಯಕ್ಷರು, ಒಂದು ಕೋಣೆ

ನನ್ನ ನೆನಪು ಮಂಕಾಗಿದೆ ಎಂದು ವಾಟ್ಸಾಪ್ ಗುಂಪಿನಲ್ಲಿ ನಗುವ ಮುಖದ ಚಿತ್ರ ಹಾಕಿದವರೆಲ್ಲ ಮೊದಲು ನಿಮ್ಮ ನಿಮ್ಮ ಕನ್ನಡಕ ಎಲ್ಲಿದೆ ಎಂದು ಹುಡುಕಿಕೊಳ್ಳಿ. ನನ್ನದು ಮೂಗಿನ ಮೇಲಿದೆ, ನೆನಪು ತಲೆಯೊಳಗಿದೆ, ಎರಡೂ ಜಾಗ ಬಿಟ್ಟು ಕದಲಿಲ್ಲ. ಮಂಡಿ ಹಿಡಿದುಕೊಂಡರೆ ತಲೆಯೂ ಹಿಡಿದುಕೊಳ್ಳುತ್ತದೆ ಎಂದುಕೊಂಡಿರಾ? ಆ ಕೋಣೆ ಸಿಕ್ಕಿದ್ದು ಚೌಧರಿಯಿಂದ ಎಂದು ಚೌಧರಿಯ ಮಕ್ಕಳು ಬರೆಯುತ್ತಾರೆ. ಅಲ್ಲ, ನಖ್ವಿಯಿಂದ ಎಂದು ನಖ್ವಿಯ ಅಳಿಯ ಬರೆಯುತ್ತಾನೆ. ಇವರಲ್ಲಿ ಒಬ್ಬರಾದರೂ ಆ ಸಂಜೆ ಅಲ್ಲಿದ್ದರೇ? ನಾನಿದ್ದೆ. ಕಾಣದ್ದನ್ನು ಆಮೇಲೆ ಆ ಹುಡುಗಿಯ ಬಾಯಿಂದಲೇ ಕೇಳಿದ್ದೇನೆ. ಸುಮ್ಮನೆ ಕೇಳಿ. ಈ ಧ್ವನಿ ಸಂದೇಶವನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿದರೆ ನನ್ನ ದನಿ ಅಳಿಲಿನ ಹಾಗೆ ಕೇಳುತ್ತದೆಯಂತೆ, ಹಾಗೆ ಮಾಡಬೇಡಿ.

ಹುಡುಗಿಯ ಹೆಸರು ಮಾಹ್ರುಖ್. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಕೆನಡಾದ ಮಿಸ್ಸಿಸಾಗಾದಲ್ಲಿ. ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ. ಗಾಜು ಬದಲಿಸಿ ಬದಲಿಸಿ, ‘ಈಗ ಸರಿಯಾಗಿ ಕಾಣುತ್ತದೆಯೇ’ ಎಂದು ಕೇಳುವುದು. ಎದುರು ಕೂತವರು ಇಲ್ಲ ಎಂದರೆ ಇಲ್ಲ, ಹೌದು ಎಂದರೆ ಹೌದು. ದಿನವೆಲ್ಲ ಅದೇ.

ಅವಳ ತಾಯಿಯ ತಂದೆ ತುಫೈಲ್ ಸಾಹೇಬರು. ಮನೆಯಲ್ಲಿ ಅವರನ್ನು ಕರೆಯುವುದು ನಾನಾ ಎಂದು. ಪಾಕಿಸ್ತಾನದ ಸಿಯಾಲ್‌ಕೋಟಿನಲ್ಲಿ ಚೆಂಡು ಹೊಲಿಯುವ ಕಾರ್ಖಾನೆಗೆ ಮೇಸ್ತ್ರಿಯಾಗಿದ್ದವರು, ಆದ್ದರಿಂದ ಗಂಟಲು ದೊಡ್ಡದು. ಹುರೊಂಟಾರಿಯೊ ರಸ್ತೆಯ ಡೋನಟ್ ಅಂಗಡಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ನಮ್ಮ ದಂಡು ಕೂರುತ್ತಿದ್ದ ಕಾಲದಲ್ಲಿ ಅವರು ನಕ್ಕರೆ ಹೊರಗೆ ಬಸ್ಸಿಗೆ ಕಾಯುವವರು ತಿರುಗಿ ನೋಡುತ್ತಿದ್ದರು. ಒಂದು ಕಾಫಿಯನ್ನು ಮೂವರು ಹಂಚಿಕೊಂಡು ನಾವು ಬೆಳಗಿನಿಂದ ಮಧ್ಯಾಹ್ನದ ತನಕ ಇಸ್ಲಾಮಾಬಾದಿನ ಸರ್ಕಾರ ಬೀಳಿಸುತ್ತಿದ್ದೆವು, ಎಬ್ಬಿಸುತ್ತಿದ್ದೆವು. ಆಮೇಲೆ ಅಂಗಡಿಗೆ ಹೊಸ ಮ್ಯಾನೇಜರ್ ಬಂದ. ಅರ್ಧ ಗಂಟೆಗಿಂತ ಹೆಚ್ಚು ಕೂರುವಂತಿಲ್ಲ ಎಂದು ಗೋಡೆಗೆ ಫಲಕ ಬಡಿದ. ನಮ್ಮವರಿಗೆ ಸಲಾಂ ಹೇಳಿ, ಮಕ್ಕಳು ಮೊಮ್ಮಕ್ಕಳ ಕ್ಷೇಮ ಕೇಳಿ ಮುಗಿಸುವುದಕ್ಕೇ ಅಷ್ಟು ಹೊತ್ತು ಬೇಕು. ಫೆಬ್ರವರಿಯ ಹಿಮದಲ್ಲಿ ಹೊರಗೆ ನಿಂತು ಹರಟಲು ಆಗುತ್ತದೆಯೇ? ಒಬ್ಬೊಬ್ಬರಾಗಿ ಮನೆ ಸೇರಿದೆವು.

ಮನೆ ಸೇರಿದ ನಾನಾ ಮಾತು ಬಿಟ್ಟರು. ಯಾರ ಮೇಲೂ ಕೋಪವಿಲ್ಲ, ಮುನಿಸಿಲ್ಲ. ಬೆಳಿಗ್ಗೆ ಎದ್ದು ಗಡ್ಡ ಬಾಚಿ, ಕೋಟು ತೊಟ್ಟು, ಟೋಪಿ ಇಟ್ಟುಕೊಂಡು ಬಾಗಿಲ ಬಳಿ ಬೂಟು ಹಾಕಿಕೊಳ್ಳುವ ಸ್ಟೂಲಿನ ಮೇಲೆ ಕೂರುತ್ತಿದ್ದರು. ಸ್ವಲ್ಪ ಹೊತ್ತು ಕೂತು, ಎದ್ದು, ಕೋಟು ಬಿಚ್ಚಿ ಒಳಗೆ ಹೋಗುತ್ತಿದ್ದರು.

“ಎಲ್ಲಿಗೆ ಹೊರಟ್ರಿ ನಾನಾ?” ಎಂದು ಮಾಹ್ರುಖ್ ಕೇಳಿದರೆ,

“ಎಲ್ಲಿಗೂ ಇಲ್ಲ ಬೇಟಾ.”

ಕೆಲಸಕ್ಕೆ ಹೊರಟ ಹುಡುಗಿಗೆ ಆ ಸ್ಟೂಲು ದಾಟಿ ಹೋಗುವುದೇ ಕಷ್ಟವಾಯಿತು. ಹತ್ತಿರದ ಸಮುದಾಯ ಭವನಕ್ಕೆ ಹೋಗಿ ಮುದುಕರಿಗೆ ಕೂರಲು ಒಂದು ಕೋಣೆ ಕೊಡಿ ಎಂದು ಕೇಳಿದಳು. ಅಲ್ಲಿ ಡೋರೀನ್ ಎಂಬ ಹೆಂಗಸು. ಒಳ್ಳೆಯವಳು, ಆದರೆ ಗಡಿಯಾರದವಳು.

“ಭಾನುವಾರ ಮಧ್ಯಾಹ್ನಕ್ಕೆ ಒಂದು ಕೋಣೆ ಖಾಲಿ ಇದೆ,” ಎಂದಳು ಡೋರೀನ್. “ಆದ್ರೆ ನಿಮ್ಮವರೇ ಮೂರು ಸಂಘದವರು ಬೇರೆ ಬೇರೆ ಬಂದು ಅದನ್ನೇ ಕೇಳಿದಾರೆ. ಒಬ್ಬರಿಗೆ ಕೊಟ್ಟರೆ ಇನ್ನಿಬ್ಬರು ಜಗಳಕ್ಕೆ ಬರ್ತಾರೆ. ಎಲ್ಲ ಒಟ್ಟಾಗಿ ಬನ್ನಿ, ಜವಾಬ್ದಾರಿಗೆ ಒಬ್ಬರು ಸಹಿ ಹಾಕ್ಲಿ. ಶುಕ್ರವಾರ ಸಂಜೆ ಒಳಗೆ. ಇಲ್ಲಾಂದ್ರೆ ಟೇಬಲ್ ಟೆನ್ನಿಸ್‌ನೋರು ಕಾಯ್ತಾ ಇದಾರೆ.”

ಮೂರು ಸಂಘ ಯಾವುವು ಎಂದು ನಿಮಗೆ ಹೇಳಬೇಕಿಲ್ಲ, ಆದರೂ ಹೊಸಬರಿಗೆ ಹೇಳುತ್ತೇನೆ. ಲಾಹೋರಿನವರ ಬಿರಾದರಿಗೆ ಅಧ್ಯಕ್ಷ ಇನಾಯತುಲ್ಲಾ ಚೌಧರಿ, ಕಾರ್ಪೆಟ್ ಅಂಗಡಿಯವನು. ಕರಾಚಿಯವರ ಬಳಗಕ್ಕೆ ಅಧ್ಯಕ್ಷ ಸಗೀರ್ ನಖ್ವಿ, ವಿಮೆ ಕಚೇರಿಯಿಂದ ನಿವೃತ್ತನಾದರೂ ಕವಿಗೋಷ್ಠಿಯಿಂದ ನಿವೃತ್ತನಾಗದವನು. ಹೆಂಗಸರ ಸಂಘಕ್ಕೆ ಬಿಲ್ಕಿಸ್ ಆಪಾ. ಆಗಸ್ಟ್ ಹದಿನಾಲ್ಕರ ಸ್ವಾತಂತ್ರ್ಯ ದಿನಕ್ಕೆ ಒಂದೇ ಪಾರ್ಕಿನ ಮೂರು ಮೂಲೆಯಲ್ಲಿ ಮೂರು ಬಾವುಟ ಹಾರಿಸಿ, ಮೂರು ಮೈಕಿನಲ್ಲಿ ಒಗ್ಗಟ್ಟಿನ ಬಗ್ಗೆ ಭಾಷಣ ಮಾಡುವ ಮಹಾನುಭಾವರು. ಇವರ ಬಿರಿಯಾನಿಯಲ್ಲಿ ಆಲೂಗಡ್ಡೆ ಇದ್ದರೆ ಅವರು ಮುಟ್ಟುವುದಿಲ್ಲ, ಇಲ್ಲದಿದ್ದರೆ ಇವರು ಮುಟ್ಟುವುದಿಲ್ಲ.

ಮಾಹ್ರುಖ್ ಮೂವರನ್ನೂ ತನ್ನ ಮನೆಯ ನೆಲಮಾಳಿಗೆಗೆ ಕರೆದಳು. ಬಂದರು. ಹುಡುಗಿ ನೇರವಾಗಿ ಕೇಳಿಬಿಟ್ಟಳು.

“ಕೋಣೆಗೆ ಸಹಿ ಹಾಕೋಕೆ ಮೂರೂ ಸಂಘಕ್ಕೆ ಸೇರಿ ಒಬ್ರು ಬೇಕು. ಚೌಧರಿ ಅಂಕಲ್, ನೀವು ಅಧ್ಯಕ್ಷರಾಗ್ತೀರಾ?”

ಚೌಧರಿ ಎದೆಯ ಮೇಲೆ ಕೈಯಿಟ್ಟುಕೊಂಡ. “ಅಯ್ಯೋ ಬೇಟಾ, ನಾನ್ಯಾವ ಲೆಕ್ಕ! ನಖ್ವಿ ಸಾಹೇಬ್ರಂಥ ಓದಿದೋರು ಇರೋವಾಗ ನಾನು ಆ ಕುರ್ಚಿಲಿ ಕೂತ್ರೆ ಜನ ಉಗೀತಾರೆ.”

“ತೌಬಾ ತೌಬಾ!” ನಖ್ವಿ ಕೆನ್ನೆ ಬಡಿದುಕೊಂಡ. “ಬಿಲ್ಕಿಸ್ ಆಪಾ ಎದುರಿಗೆ ನಾನು ಬಾಯಿ ಬಿಡೋದೇ ತಪ್ಪು.”

“ನನಗ್ಯಾಕಪ್ಪಾ ಈ ವಯಸ್ಸಲ್ಲಿ,” ಎಂದರು ಆಪಾ. “ಸಕ್ಕರೆ ಕಾಯಿಲೆ, ಮಂಡಿ ನೋವು. ಗಂಡಸ್ರು ಇದೀರಲ್ಲ, ನೀವೇ ಮಾಡ್ಕೊಳ್ಳಿ.”

ಮೂವರೂ ತಲೆ ತಗ್ಗಿಸಿ ಕಾದರು. ಮೂವರ ಹೊಟ್ಟೆಯಲ್ಲೂ ಭಾಷಣ ಬೆಂದು ತಯಾರಾಗಿತ್ತು. ಹುಡುಗಿ ಇನ್ನೊಮ್ಮೆ ಕೇಳಲಿಲ್ಲ. ಅವಳಿಗೆ ಆದದ್ದು ದೊಡ್ಡ ನಿರಾಳ. ಯಾರಿಗೂ ಬೇಡವಂತೆ, ಜಗಳವೇ ಇಲ್ಲ! ಅವರು ಮೆಟ್ಟಿಲು ಹತ್ತಿ ಮನೆ ಮುಟ್ಟುವ ಮೊದಲೇ ಎಲ್ಲರ ಫೋನಿಗೆ ಸಂದೇಶ ಬಂತು: ‘ಚೌಧರಿ ಅಂಕಲ್, ನಖ್ವಿ ಅಂಕಲ್, ಬಿಲ್ಕಿಸ್ ಆಂಟಿ ಮೂವರೂ ತಮಗೆ ಬೇಡ ಎಂದಿದ್ದಾರೆ. ಆದ್ದರಿಂದ ನನ್ನ ಹೆಸರನ್ನೇ ಕೊಡುತ್ತೇನೆ.’ ಕೊನೆಯಲ್ಲಿ ಎತ್ತಿದ ಹೆಬ್ಬೆರಳಿನ ಒಂದು ಚಿತ್ರ.

ಮರುದಿನ ಬೆಳಗಾಗುವಷ್ಟರಲ್ಲಿ ಊರೆಲ್ಲ ಹೊಗೆ. ಚೌಧರಿ ಫೋನ್ ಮಾಡಿ, “ಬಿಡು ಬೇಟಾ, ನಮ್ಮಂಥ ಮುದುಕರು ಈಗ ಯಾರಿಗೆ ಬೇಕು? ನಮ್ಮ ಬಿರಾದರಿ ಬೇರೆ ಕಡೆ ನೋಡ್ಕೊಳತ್ತೆ,” ಎಂದು ಇಟ್ಟುಬಿಟ್ಟ. ನಖ್ವಿ ತನ್ನದೇ ಒಂದು ದ್ವಿಪದಿ ಹಾಕಿ ಗುಂಪು ಬಿಟ್ಟ. ಅದರ ಅರ್ಥ ಯಾರಿಗೂ ಆಗಲಿಲ್ಲ, ಸಿಟ್ಟು ಮಾತ್ರ ಎಲ್ಲರಿಗೂ ಅರ್ಥವಾಯಿತು. ಬಿಲ್ಕಿಸ್ ಆಪಾ ಹಿಮ ತುಳಿದುಕೊಂಡು ಮನೆಗೇ ಬಂದರು.

“ಕೂತ್ಕೊಳೋಕೆ ಬಂದಿಲ್ಲ,” ಎಂದು ಕೂತರು. ಮಾಹ್ರುಖಳ ತಾಯಿ ನಾಹಿದ್ ಚಹಾ ತಂದಳು. “ಚಹಾ ಬೇಡ ನಾಹಿದ್. ಎರಡು ಮಾತು ಹೇಳಿ ಹೋಗ್ತೀನಿ.” ನಾಹಿದ್ ಬಟ್ಟಲು ಕೈಗಿಟ್ಟಳು. ಆಪಾ ಕುಡಿದರು. ಕ್ಯಾರೆಟ್ ಹಲ್ವ ಬಂತು. “ಬೇಡ್ವೇ ಬೇಡ, ಸಕ್ಕರೆ ಏರತ್ತೆ.” “ಒಂದೇ ಚಮಚ ಆಪಾ.” “ಬೇಡಮ್ಮಾ.” “ನನ್ನಾಣೆ ಆಪಾ, ನಿಮಗೋಸ್ಕರಾನೇ ಮಾಡಿದ್ದು.” ಆಪಾ ಬಟ್ಟಲು ಖಾಲಿ ಮಾಡಿ, ಇನ್ನೊಂದು ಬಟ್ಟಲಿಗೂ ಹೀಗೇ ಬೇಡ ಎಂದು, ಅದನ್ನೂ ಮುಗಿಸಿ, ಮಾಹ್ರುಖಳ ಕಡೆ ತಿರುಗಿಯೂ ನೋಡದೆ ಎದ್ದು ಹೋದರು.

ಮಾಹ್ರುಖ್ ಅಡಿಗೆಮನೆಗೆ ಓಡಿದಳು. “ಅಮ್ಮೀ, ಆಂಟಿ ಬೇಡ ಅಂದ್ರಲ್ಲ?”

“ಯಾವಾಗ ಅಂದ್ರು?” ನಾಹಿದ್ ನಿಜವಾಗಿ ಗಾಬರಿಯಾದಳು. “ಹಲ್ವ ಚೆನ್ನಾಗಿರ್ಲಿಲ್ವಾ?”

“ಎಷ್ಟು ಸಲ ಅಂದ್ರು! ನಿಂಗೆ ಕೇಳಿಸ್ಲಿಲ್ವಾ?”

“ಓ, ಅದಾ? ಅದು ಬೇಡ ಅಲ್ಲ ಕಣೇ. ಮೊದಲ್ನೇ ಸಲಕ್ಕೇ ಹೂಂ ಅನ್ನೋಕೆ ಆಪಾ ಏನು ಮೂರು ದಿನದಿಂದ ಉಪವಾಸ ಇದ್ರಾ?”

ಹುಡುಗಿ ಫ್ರಿಜ್ಜಿಗೆ ಒರಗಿ ನಿಂತಳು. ನೆಲಮಾಳಿಗೆಯಲ್ಲಿ ತಲೆ ತಗ್ಗಿಸಿ ಕಾಯುತ್ತಿದ್ದ ಮೂವರೂ ಅವಳ ಕಣ್ಣ ಮುಂದೆ ಬಂದರು. ಅಯ್ಯೋ, ಊಟಕ್ಕೆ ಕರೆದು, ಬೇಡ ಎಂದ ಕೂಡಲೇ ತಟ್ಟೆ ಎತ್ತಿಬಿಟ್ಟೆನಲ್ಲ!

ಸರಿ, ತಪ್ಪು ತಿದ್ದಲು ಹೊರಟಳು. ಕಾರ್ಪೆಟ್ ಅಂಗಡಿಗೆ ಹೋಗಿ ಚೌಧರಿಯ ಮುಂದೆ ಕೂತು, ನೀವೇ ಆಗಬೇಕು ಅಂಕಲ್ ಎಂದಳು. ಅವನು ಬೇಡ ಎಂದ. ನೀವಿಲ್ಲದೆ ಆಗುವುದೇ ಇಲ್ಲ ಎಂದಳು. ಅವನು ಇನ್ನೂ ಮೆತ್ತಗೆ ಬೇಡ ಎಂದ. ನಿಮ್ಮ ಮಗಳು ಕೇಳುತ್ತಿದ್ದಾಳೆ ಅಂದುಕೊಳ್ಳಿ ಎಂದಳು. “ಮಗಳು ಕೇಳಿದ್ಮೇಲೆ ಮುಗೀತು,” ಎಂದು ಚೌಧರಿ ಮೂಗು ಒರೆಸಿಕೊಂಡ. ಹುಡುಗಿಗೆ ರುಚಿ ಹತ್ತಿತು. ಮರ್ಯಾದೆ ಒಬ್ಬರಿಗೇ ಕೊಟ್ಟರೆ ಉಳಿದವರಿಗೆ ಬೇಸರವಾಗುತ್ತದೆ, ಕೇಳಿದರೂ ಅವರಿಬ್ಬರು ನಿಜವಾಗಿಯೇ ಬೇಡ ಎನ್ನುತ್ತಾರೆ ಎಂದುಕೊಂಡು ನಖ್ವಿಯ ಮನೆಗೂ ಆಪಾ ಮನೆಗೂ ಹೋಗಿ ಹಾಗೇ ಕೇಳಿದಳು. ಅವರೂ ಒಪ್ಪಿದರು.

“ಈಗ ಮೂರು ಜನ ಅಧ್ಯಕ್ಷರಾ?” ನಾಹಿದ್ ಹಣೆ ಚಚ್ಚಿಕೊಂಡಳು. “ಕಲಿತದ್ದು ಸ್ವಲ್ಪ ಜಾಸ್ತಿ ಆಯ್ತು ನಿಂಗೆ!”

ಶುಕ್ರವಾರ ಬಂದೇಬಿಟ್ಟಿತು. ಮಾಹ್ರುಖ್ ಕೆಲಸದಿಂದ ಬೇಗ ಬಂದಳು. ನಾನಾ ಸ್ಟೂಲಿನ ಮೇಲೆ ಕೋಟು ತೊಟ್ಟು ಕೂತಿದ್ದರು. “ಬನ್ನಿ ನಾನಾ,” ಎಂದು ಕೈ ಹಿಡಿದು ಕಾರು ಹತ್ತಿಸಿದಳು. ಎಲ್ಲಿಗೆ ಎಂದೂ ಅವರು ಕೇಳಲಿಲ್ಲ.

ನಾನು ಚೌಧರಿಯ ಕಾರಿನಲ್ಲಿ ಹೋದೆ. ಭವನದ ಕೌಂಟರಿನ ಮುಂದೆ ನೋಡಬೇಕಿತ್ತು! ಚೌಧರಿ ಕುರಿತುಪ್ಪಳದ ಕರಾಕುಲಿ ಟೋಪಿಯಲ್ಲಿ, ನಖ್ವಿ ಶೇರ್ವಾನಿಯಲ್ಲಿ, ಆಪಾ ಮಗಳ ಮದುವೆಯ ಶಾಲಿನಲ್ಲಿ. ಡೋರೀನ್ ಕಾಗದ ಮುಂದಿಟ್ಟು ಪೆನ್ನು ಚಾಚಿದಳು. “ಯಾರು ಸಹಿ ಹಾಕ್ತೀರಿ?”

ಮೂರು ಕೈ ಮುಂದೆ ಬಂತು. ಒಬ್ಬರ ಕೈ ಇನ್ನೊಬ್ಬರು ನೋಡಿದರು. ಮೂರೂ ಕೈ ಹಿಂದೆ ಹೋಯಿತು.

“ನೀವು ಹಾಕಿ ನಖ್ವಿ ಸಾಹೇಬ್ರೇ.”

“ಛೇ ಛೇ, ನೀವಿರೋವಾಗ? ಆಪಾ, ನೀವು ಬನ್ನಿ ಮುಂದೆ.”

“ಗಂಡಸರನ್ನ ಹಿಂದೆ ಹಾಕಿ ಮುಂದೆ ಬರೋಳಾ ನಾನು? ಚೌಧರಿ ಭಾಯಿ, ಹಾಕಿ.”

ಇನ್ನೊಂದು ಸುತ್ತು ನಡೆಯಿತು. ಡೋರೀನ್ ಪೆನ್ನು ಮುಚ್ಚಿದಳು. “ಅಂದ್ರೆ ನಿಮ್ಮಲ್ಲಿ ಯಾರಿಗೂ ಇಷ್ಟ ಇಲ್ಲ ಅಂತಾಯ್ತು.”

“ತಾಳಿ ತಾಳಿ!” ಮಾಹ್ರುಖ್ ಕೌಂಟರಿನ ಮೇಲೆ ಬಗ್ಗಿ ಕೂಗಿದಳು. “ಇನ್ನೂ ಎರಡೇ ಸಲ ಆಗಿರೋದು!”

“ಏನು ಎರಡು ಸಲ?”

“ಬೇಡ ಅಂದಿರೋದು! ಇನ್ನೊಂದ್ಸಲ ಅನ್ಬೇಕು, ಆಮೇಲೆ ಹಾಕ್ತಾರೆ. ದಯವಿಟ್ಟು!”

ಡೋರೀನಳಿಗೆ ಏನೂ ತಿಳಿಯಲಿಲ್ಲ, ಆದರೆ ಹುಡುಗಿಯ ಮುಖ ನೋಡಿ ಕಾದಳು. ಮೂರನೆಯ ಸುತ್ತಿನಲ್ಲಿ ಚೌಧರಿ ಪೆನ್ನು ಮುಟ್ಟಿದ. ಅಷ್ಟರಲ್ಲಿ ನಖ್ವಿ, “ಹಾಕಿ ಹಾಕಿ, ಎಲ್ಲ ನಿಮ್ಮದೇ ಅಲ್ವಾ,” ಎಂದ. ಆ ದನಿಯಲ್ಲಿದ್ದ ಮುಳ್ಳು ಚೌಧರಿಗೆ ಚುಚ್ಚಿತು. ಪೆನ್ನು ಕೆಳಗಿಟ್ಟ. ಆಚೆ ಈಜುಕೊಳದ ಕಡೆ ದೀಪ ಆರಿಸುತ್ತಿದ್ದರು. “ಕ್ಷಮಿಸಿ,” ಎಂದು ಡೋರೀನ್ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು.

ಮಾಹ್ರುಖ್ ಮೂವರ ಕಡೆಗೆ ತಿರುಗಿದಳು. “ಮುಗೀತಾ? ಸರಿ, ಮನೆಗೆ ಹೋಗಿ ಎಲ್ರೂ! ನಾಳೆ ಬೆಳಿಗ್ಗೆ ನಾನಾ ಮತ್ತೆ ಕೋಟು ಹಾಕ್ಕೊಂಡು ಬಾಗಿಲ ಹತ್ರ ಕೂತ್ಕೋತಾರೆ. ಎಲ್ಲಿಗೂ ಹೋಗೋಕಿಲ್ಲ ಅಂತ ಗೊತ್ತಿದ್ರೂ ಕೂತ್ಕೋತಾರೆ. ನಾನು ದಿನಾ ಅವರನ್ನ ದಾಟ್ಕೊಂಡು ಹೋಗ್ಬೇಕು!”

ನಾನಾ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನೆಲ ನೋಡಿದರು. ಮೊಮ್ಮಗಳ ಬಾಯಿಂದ ಹೊರಬಿದ್ದ ಮಾತು, ನಾಲ್ಕು ಜನರ ಮುಂದೆ.

“ತುಫೈಲ್ ಭಾಯಿ,” ಎಂದ ಚೌಧರಿ ಕೊನೆಗೆ, “ನಾನು ಕಾರಲ್ಲಿ ಕೂತ್ಕೋತೀನಿ. ಗ್ಯಾರೇಜಲ್ಲಿ. ಅಂಗಡೀಲಿ ಹುಡುಗರು ಇದಾರೆ, ನಂಗೇನು ಕೆಲಸ? ರೇಡಿಯೋ ಹಾಕ್ಕೊಂಡು ಕೂತಿರ್ತೀನಿ.”

“ನಾನು ಬಸ್ಸಲ್ಲಿ,” ಎಂದ ನಖ್ವಿ. “ಕೊನೇ ನಿಲ್ದಾಣದವರೆಗೆ ಹೋಗಿ, ಅದೇ ಬಸ್ಸಲ್ಲಿ ವಾಪಸ್. ಡ್ರೈವರ್ ಈಗ ಸಲಾಂ ಹೇಳ್ತಾನೆ.”

ಬಿಲ್ಕಿಸ್ ಆಪಾ ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. “ಈರುಳ್ಳಿ ಹೆಚ್ಚಿ ಹಾಗೇ ಬಂದೆ ನೋಡು,” ಎಂದರು.

ನಾನಾ ಟೋಪಿಯನ್ನು ಮತ್ತೆ ತಲೆಗಿಟ್ಟರು. ಕೌಂಟರಿನ ಹತ್ತಿರ ಬಂದು ಡೋರೀನಳ ಕೈಯಿಂದ ಕಾಗದವನ್ನು ಮೆಲ್ಲಗೆ ಬಿಡಿಸಿಕೊಂಡರು.

“ಪೆನ್ನು ಕೊಡಮ್ಮ. ನನ್ನನ್ನ ಯಾರೂ ಕೇಳೇ ಇಲ್ಲ. ಅದಕ್ಕೆ ಬೇಡ ಅನ್ನೋ ಕೆಲಸಾನೂ ಇಲ್ಲ.”

ಸಹಿ ಹಾಕಿದರು. ಉರ್ದುವಿನಲ್ಲಿ, ದೊಡ್ಡದಾಗಿ, ಗೆರೆ ದಾಟಿ. ಮೊದಲು ಮುಬಾರಕ್ ಎಂದು ಕೂಗಿದವನು ಚೌಧರಿ, ಅಪ್ಪಿಕೊಂಡವನು ನಖ್ವಿ. ಅವನಿಗೆ ಸಿಗಲಿಲ್ಲವೆಂದು ಇವನಿಗೆ, ಇವನಿಗೆ ಸಿಗಲಿಲ್ಲವೆಂದು ಅವನಿಗೆ ಒಳಗೊಳಗೇ ಖುಷಿ ಇತ್ತು ಎಂದು ನಾನು ಬಲ್ಲೆ, ಆದರೆ ಅದಷ್ಟೇ ಅಲ್ಲ ಎಂದೂ ಬಲ್ಲೆ. ಮಾಹ್ರುಖ್ ನಗುತ್ತ ಅಳುತ್ತ ನಾನಾರ ತೋಳಿಗೆ ಜೋತುಬಿದ್ದಳು.

“ಬಿಡೇ, ಸಹಿ ಒಣಗ್ಲಿ,” ಎಂದರು ನಾನಾ. ಆಮೇಲೆ ನಮ್ಮ ಕಡೆ ತಿರುಗಿ ಹಳೆಯ ಕಾರ್ಖಾನೆಯ ಗಂಟಲಿನಲ್ಲಿ, “ಭಾನುವಾರ ಎರಡು ಗಂಟೆಗೆ! ನಮ್ಮ ಎರಡು ಗಂಟೆ ಅಲ್ಲ, ಈ ಡೋರೀನಮ್ಮನ ಎರಡು ಗಂಟೆ! ತಡ ಆದ್ರೆ ಬಾಗಿಲು ತೆಗೆಯಲ್ಲ!”

ತಡವಾಗಿಯೇ ಹೋದೆವು, ಬೈಸಿಕೊಂಡೆವು. ಮೊದಲ ಭಾನುವಾರವೇ ಮೂವರು ಮಾಜಿ ಅಧ್ಯಕ್ಷರೂ ಒಬ್ಬೊಬ್ಬರಾಗಿ ಮಾಹ್ರುಖಳನ್ನು ಮೂಲೆಗೆ ಕರೆದು, ನಿನ್ನ ಅಜ್ಜ ಸರ್ವಾಧಿಕಾರಿ ಕಣೇ ಎಂದು ದೂರು ಕೊಟ್ಟರು. ಅವಳು ಮೂವರಿಗೂ ಪಕೋಡ ಬಡಿಸಿದಳು. ಅವರು ಬೇಡ ಬೇಡ ಎನ್ನುತ್ತಲೇ ಇದ್ದರು, ಅವಳು ಹಾಕುತ್ತಲೇ ಇದ್ದಳು. ಕೋಣೆಯ ಆ ತುದಿಯಿಂದ ನಾನಾರ ನಗು ಕೇಳಿಸುತ್ತಿತ್ತು.

ಇಷ್ಟೇ. ಈಗ ಇದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಬೇಡಿ. ಮುಂದೆ ಕಳಿಸಿ. ಹೂಸ್ಟನ್ನಿನಲ್ಲಿರುವ ಅಣ್ಣತಮ್ಮಂದಿರಿಗೆ ಕಳಿಸಿ, ಅಲ್ಲಂತೂ ಪ್ರತಿ ಬೀದಿಗೊಬ್ಬ ಅಧ್ಯಕ್ಷ. ಚೌಧರಿಯ ಮಕ್ಕಳಿಗೆ ಮೊದಲು ಕಳಿಸಿ, ನಖ್ವಿಯ ಅಳಿಯನಿಗೂ. ಬಾಯಲ್ಲಿ ಹೇಳುವವರು ಸರಿಯಾಗಿ ಹೇಳಿ, ಸಹಿ ಹಾಕಿದ್ದು ತುಫೈಲ್ ಸಾಹೇಬರು. ಕೇಳುವವರು ಬೇಡ, ಹೊತ್ತಿಲ್ಲ ಎಂದರೆ ಬಿಟ್ಟು ಬರಬೇಡಿ, ಕೂತು ಇನ್ನೊಂದು ಸಲ ಕೇಳಿ.