ಇವತ್ತೇನು ವಿಶೇಷ?

ದಹನದ ಗುಂಡಿ ಒತ್ತಲು ಹೊರಟ ಮಗಳು ಇಳಾಳ ಕೈಯನ್ನು ಇಂದುಮತಿ ಹಿಡಿದು ನಿಲ್ಲಿಸಿದರು.

“ತಾಳು. ಇವತ್ತೇನು ವಿಶೇಷ ಅಂತ ಯಾರಾದ್ರೂ ಹೇಳಿ. ಅದನ್ನ ಹೇಳ್ದೆ ನಿಮ್ಮಪ್ಪ ಒಂದು ದಿನಾನೂ ಕಾಫಿ ಕುಡಿದೋರಲ್ಲ. ಹಾಗೇ ಕಳಿಸ್ಲಾ?”

ಅಮೆರಿಕದ ಲಿವೋನಿಯಾ ಊರಿನ ಆ ಫ್ಯೂನರಲ್ ಹೋಮಿನಲ್ಲಿ ನೆರೆದವರು ಆ ದಿನದ ತಾರೀಖನ್ನು ಮನಸ್ಸಿನಲ್ಲೇ ತಡಕಿದರು. ಪಕ್ಕದ ಮನೆಯ ಶ್ರೀಧರ್ ಫೋನ್ ತೆಗೆದು ಯಾವುದೋ ಯುದ್ಧ, ಯಾವುದೋ ಒಪ್ಪಂದ ಓದಿದ. ಇಂದುಮತಿ ಅಲ್ಲವೆಂದು ತಲೆಯಾಡಿಸಿದರು.

“ಅದ್ರಲ್ಲಿ ನಮ್ಮೋರು ಯಾರಿದಾರೆ?”

ಪೆಟ್ಟಿಗೆಯಲ್ಲಿ ಮಲಗಿದ್ದ ಗಂಡ ಕೃಷ್ಣಮೂರ್ತಿಯವರ ಪದ್ಧತಿಯೇ ಅದು. ಕಾರ್ ಕಂಪನಿಯಲ್ಲಿ ವೈಪರ್ ಪರೀಕ್ಷಿಸುತ್ತಲೇ ನಿವೃತ್ತರಾದ ಮನುಷ್ಯ, ಪ್ರಪಂಚದ ದೊಡ್ಡ ದಿನಗಳ ಗೂಟಕ್ಕೆ ಪರಿಚಯದವರ ಸಣ್ಣ ದಿನಗಳನ್ನು ಕಟ್ಟಿಡುತ್ತಿದ್ದರು. ಮನುಷ್ಯ ಚಂದ್ರನ ಮೇಲಿಳಿದ ತಾರೀಖಿನಂದೇ ಶ್ರೀಧರ್ ಮನೆ ಕೊಂಡದ್ದು; ಪ್ರತಿ ಜುಲೈ ಇಪ್ಪತ್ತಕ್ಕೆ ಅವನಿಗೆ ತಪ್ಪದೆ ಫೋನ್. ನಮ್ಮ ದಿನಗಳನ್ನು ನಮಗಿಂತ ಚೆನ್ನಾಗಿ ಕಾಪಾಡುವವರು ಎಷ್ಟು ಜನ ಸಿಗುತ್ತಾರೆ?

ಅಷ್ಟರಲ್ಲಿ ಬಾಗಿಲು ತೆರೆಯಿತು. ದೂರದ ಊರು ಆಬರ್ನ್ ಹಿಲ್ಸಿನ ಸರಳಾ ಆಂಟಿ ಕಾರಿನ ಕೀಲಿ ಬಿಗಿಹಿಡಿದು ನಿಂತಿದ್ದರು, ಬೆವರಿ ಹೋಗಿದ್ದರು.

“ತಡಾ ಆತ್ರೀ. ನಮ್ಮ ಮನಿಯವರು ಶಿಕಾಗೋದಾಗ ಮಗಳ ಕಡೆ ಅದಾರ. ಒಬ್ಬಾಕಿನ ಫ್ರೀವೇ ಹಿಡದು ಬಂದೇನ್ರೀ. ಎಕ್ಸಿಟ್ ಬ್ಯಾರೆ ತಪ್ಪಿತ್ತು.”

*

ಸರಳಾ ಆಂಟಿಗೆ ಲೈಸೆನ್ಸ್ ಸಿಕ್ಕಿದ್ದು ಬರ್ಲಿನ್ ಗೋಡೆ ಬಿದ್ದ ದಿನ. ಸಿಕ್ಕಿದ್ದಷ್ಟೇ ಬಂತು, ಊರೊಳಗಿನ ರಸ್ತೆ ಬಿಟ್ಟು ಹೆದ್ದಾರಿಗೆ ಅವರ ಕಾರು ಹತ್ತಲೇ ಇಲ್ಲ. ಪ್ರತಿ ನವೆಂಬರ್ ಒಂಬತ್ತರಂದು ಕೃಷ್ಣಮೂರ್ತಿ ಫೋನ್ ಮಾಡಿ ಕೇಳುತ್ತಿದ್ದರು.

“ಸರಳಾ ಅವ್ರೇ, ಫ್ರೀವೇ ಹತ್ತಿದ್ರಾ?”

“ಇಲ್ರೀ ಅಣ್ಣಾರ. ಲಾರಿ ಕಂಡ್ರ ಅಂಜಿಕಿ ಆಗತೈತಿ.”

“ಬರ್ಲಿನ್ ಗೋಡೆನೇ ಬಿತ್ತು, ನಿಮ್ಮ ಭಯ ಇನ್ನೂ ಗಟ್ಟಿಯಾಗಿ ನಿಂತಿದೆಯಲ್ರೀ! ಇರ್ಲಿ ಬಿಡಿ, ಮುಂದಿನ ವರ್ಷ ಕೇಳ್ತೀನಿ.”

“ಡ್ಯಾಡ್, ಸ್ಟಾಪ್!” ಎಂದು ಇಳಾ ನಾಚಿಕೆಯಿಂದ ಎದ್ದು ಹೋಗುತ್ತಿದ್ದಳು. ಅವರು ನಕ್ಕು, ಮುಂದಿನ ವರ್ಷ ಮತ್ತೆ ಕೇಳುತ್ತಿದ್ದರು.

*

ಇಳಾ ಅಪ್ಪನ ಪೆಟ್ಟಿಗೆಯ ಕಡೆ ತಿರುಗಿದಳು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು ಈಗ ಕನ್ನಡದ ಮಾತುಗಳನ್ನು ಒಂದೊಂದಾಗಿ ಹುಡುಕಿದಳು.

“ಅಪ್ಪ, ಇವತ್ತು... ಇವತ್ತು ಸರಳಾ ಆಂಟಿ ಫ್ರೀವೇ ಹತ್ತಿದ್ರು.”

ಸರಳಾ ಸೆರಗು ಬಾಯಿಗೊತ್ತಿಕೊಂಡು ಅತ್ತರು. ಇಂದುಮತಿ ಪೆಟ್ಟಿಗೆಯನ್ನೊಮ್ಮೆ ಸವರಿ, ಮಗಳಿಗೆ “ಈಗ ಒತ್ತು” ಎಂದರು.

ಹೊರಗೆ ಶ್ರೀಧರ್ ಕಾರಿನ ಬಾಗಿಲು ತೆರೆದು ಕಾಯುತ್ತಿದ್ದ. ಇಂದುಮತಿ ಅವನನ್ನು ದಾಟಿ ಹೋಗಿ ಸರಳಾರ ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ಇಳಾ ಹಿಂದೆ ಕೂತಳು.

“ಫ್ರೀವೇಲೇ ಹೋಗೋಣ.”

ಫ್ರೀವೇ ಸೇರುವಲ್ಲಿ ಸರಳಾ ಎಡಗಡೆ ಇಂಡಿಕೇಟರ್ ಹಾಕಿ, ಎರಡು ಲಾರಿಗಳ ನಡುವೆ ನುಗ್ಗಿದರು. ಅದನ್ನು ಆರಿಸುವುದು ಅವರಿಗೆ ನೆನಪಾಗಲಿಲ್ಲ. ಎಕ್ಸಿಟ್‌ಗಳು ಒಂದೊಂದಾಗಿ ಹಿಂದೆ ಸರಿದರೂ ಅದು ಟಿಕ್ ಟಿಕ್ ಎನ್ನುತ್ತಲೇ ಇತ್ತು.