ಹನೀಫ ಕಣ್ಣು ಬಿಟ್ಟದ್ದು

ತಾಂಬಾದ ಮಹಮ್ಮದಹನೀಫನಿಗೆ ಬಾವಿಯ ತಳ ಹಗಲಿನಂತೆ ಕಾಣುತ್ತದೆ ಎಂದು ಅರ್ಧ ಇಂಡಿ ತಾಲೂಕು ನಂಬಿತ್ತು. ತಾಮ್ರದ ಕೊಡ, ಮೋಟಾರು, ಮದುವೆಗೆ ಬಂದವರ ಮೊಬೈಲು, ಏನೇ ಬಿದ್ದರೂ ಅವನಿಗೆ ಕರೆ ಹೋಗುತ್ತಿತ್ತು. ಅವನು ದಮ್ಮು ಕಟ್ಟಿ ಮುಳುಗಿದನೆಂದರೆ ದಂಡೆಯ ಮೇಲಿದ್ದವರು ಎಲಿ ಅಡಿಕಿ ಹಾಕಿಕೊಂಡು ಮಾತಿಗೆ ಕೂರುತ್ತಿದ್ದರು. ನೀರೊಳಗೆ ಅವನು ಎಂದೂ ಕಣ್ಣು ಬಿಟ್ಟವನಲ್ಲ ಎಂಬುದು ಅವನ ಹೆಂಡತಿ ನಸ್ರೀನಳಿಗೂ ಗೊತ್ತಿರಲಿಲ್ಲ. ಬಾವಿಯ ತಳದಲ್ಲಿ ಹೇಗೂ ಕತ್ತಲೆ. ಅಲ್ಲಿ ನೋಡುವ ಕೆಲಸ ಬೆರಳಿನದು, ಅಂಗಾಲಿನದು. ಕಣ್ಣಿಗೆ ಕೆಸರು ಹೋಗುತ್ತದೆ ಎಂಬುದು ಅವನು ತನಗೆ ಹೇಳಿಕೊಂಡ ಕಾರಣ. ನಿಜವಾದ ಕಾರಣ ಅಂಜಿಕೆ.

ಆ ಅಂಜಿಕೆಯೇ ಈಗ ಅಡ್ಡ ಬಂದಿತ್ತು. ನೀರಿಗೆ ಬಿದ್ದವರನ್ನು ಹುಡುಕಲು ಹೊಸದೊಂದು ತಂಡ ಕಟ್ಟುತ್ತಿದ್ದರು; ಹನೀಫನೂ ಹೆಸರು ಕೊಟ್ಟಿದ್ದ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ತರಬೇತಿ ಬಸವನ ಬಾಗೇವಾಡಿಯ ಹೊರಗೆ, ನೀರು ತುಂಬಿದ ಕಲ್ಲಿನ ಖಣಿಯಲ್ಲಿ ನಡೆದಿತ್ತು. ಕಲಿಸುವವಳು ಸಿಂದಗಿಯ ಸಂಘಮಿತ್ರಾ; ಸಮುದ್ರದಲ್ಲಿ ಪಳಗಿ ಬಂದವಳು, ವಯಸ್ಸಿನಲ್ಲಿ ಹನೀಫನಿಗಿಂತ ಸಣ್ಣವಳು. ಕೊನೆಯ ಪರೀಕ್ಷೆ ಇಷ್ಟೇ: ತಳದಲ್ಲಿ ಮೊಣಕಾಲೂರಿ ಮಾಸ್ಕ್ ತೆಗೆಯಬೇಕು, ಕಣ್ಣು ಬಿಡಬೇಕು, ಅವಳು ತೋರಿದಷ್ಟೇ ಬೆರಳು ತಾನೂ ತೋರಿಸಿ ಮಾಸ್ಕ್ ಹಾಕಿಕೊಳ್ಳಬೇಕು. ಮುಳುಗುತ್ತಿರುವವನು ಒದ್ದಾಡುವಾಗ ಕಾಪಾಡಲು ಹೋದವನ ಮಾಸ್ಕ್ ಕಿತ್ತು ಹೋದೀತು. ಆಗ ಕುರುಡಾಗುವವನನ್ನು ಹುಡುಕಲು ಇನ್ನೊಬ್ಬನನ್ನು ಇಳಿಸಬೇಕಾಗುತ್ತದೆ.

ಮೊದಲ ಸಲ ಹನೀಫ ಬಾವಿಯ ರೂಢಿಯಂತೆ ಕೈ ಚಾಚಿ, ಅವಳ ಬೆರಳುಗಳನ್ನು ಹಿಡಿದು, ಸವರಿ ಎಣಿಸಿ, ನಾಲ್ಕು ತೋರಿಸಿದ್ದ. ಉತ್ತರ ಸರಿ ಇತ್ತು. ಜೊತೆಗೆ ಕಲಿಯುತ್ತಿದ್ದ ಆಲಮೇಲದ ಭೀಮು ಅದನ್ನು ಚಹಾದಂಗಡಿಯಲ್ಲಿ ಇನ್ನೂ ನಟಿಸಿ ತೋರಿಸುತ್ತಿದ್ದ. ಅವನ ಸರದಿ ಮಾತ್ರ ಇನ್ನೂ ಬಂದಿರಲಿಲ್ಲ. ಎರಡನೆಯ ಸಲ ಹನೀಫ ಅಂದಾಜಿನ ಮೇಲೆ ಎರಡು ತೋರಿಸಿದ. ಅವಳು ಮುಷ್ಟಿ ಹಿಡಿದು ಕೂತಿದ್ದಳು.

"ಅಣ್ಣಾರ, ಇವತ್ತೂ ನೋಡಲಿಲ್ಲಂದ್ರ ನಿಮ್ಮನ್ನ ತಂಡದಾಗ ತಗೊಳ್ಳೂದಿಲ್ರಿ," ಎಂದಳು ಈ ಸಲ ಇಳಿಯುವ ಮೊದಲು. "ಮತ್ತ ದಮ್ಮು ಕಟ್ಟಬ್ಯಾಡ್ರಿ. ಕಟ್ಟಿಕೊಂಡು ಮ್ಯಾಲೆ ಹಾರಿದ್ರ ಎದಿ ಒಡಿತೈತಿ."

ದಮ್ಮಿನ ಮೇಲೆಯೇ ಹೆಸರು ಮಾಡಿದವನಿಗೆ ದಮ್ಮು ಕಟ್ಟಬೇಡ ಎನ್ನುವುದು, ಪೈಲವಾನನಿಗೆ ಪಟ್ಟು ಹಾಕಬೇಡ ಎಂದಂತೆ. ಹನೀಫ ಹೌದ್ರಿ ಅಂದ.

ತಳದಲ್ಲಿ ಅವಳು ಅವನ ಕೈಗೆ ಎಟುಕದಷ್ಟು ದೂರ ಕೂತಳು. ಹನೀಫ ಕಣ್ಣು ಮುಚ್ಚಿ ಮಾಸ್ಕ್ ತೆಗೆದ. ತಣ್ಣೀರು ರೆಪ್ಪೆಗೆ ಅಂಟಿತು, ಮೂಗಿನ ಬಾಗಿಲಲ್ಲಿ ನಿಂತಿತು. ಎದೆ ತಾನಾಗಿಯೇ ಗಾಳಿ ತುಂಬಿಕೊಂಡು ಬೀಗ ಹಾಕಿತು. ಗುಳ್ಳೆಗಳ ಸದ್ದು ನಿಂತಿತು. ಬಾವಿಯೊಳಗಿನ ಹಳೆಯ ಮೌನ. ಒಂದು ಗಳಿಗೆ ಹಿತವೆನಿಸಿತು. ಅಷ್ಟರಲ್ಲಿ ಮೊಣಕಾಲ ಕೆಳಗಿನ ಕಲ್ಲು ಸರಿಯಿತು. ಕಲ್ಲು ಸರಿದಿರಲಿಲ್ಲ, ಗಾಳಿ ತುಂಬಿದ ಎದೆ ಅವನನ್ನು ಮೇಲಕ್ಕೆ ಎತ್ತುತ್ತಿತ್ತು.

ಬಿಡು, ಎಂದು ತನಗೇ ಹೇಳಿಕೊಂಡ. ಬಿಟ್ಟ. ಗುಳ್ಳೆಗಳು ಕೆನ್ನೆ ಸವರಿ ಹೋದವು, ಮೊಣಕಾಲು ಮತ್ತೆ ಕಲ್ಲಿಗೆ ಕೂತಿತು. ಮತ್ತೆ ಉಸಿರೆಳೆದಾಗ ಮೂಗಿಗೆ ನೀರು ನುಗ್ಗಿ ನೆತ್ತಿಯವರೆಗೆ ಉರಿಯಿತು. ಬಾಯಲ್ಲಿ ಕಚ್ಚಿದ ನಳಿಗೆಯೊಳಗೇ ಕೆಮ್ಮಿದ. ಕಾಲುಗಳು ನೆಲ ಒದೆಯಲು ತಯಾರಾದವು. ಒದ್ದರೆ ಎಲ್ಲ ಮುಗಿಯಿತು. ಹಲ್ಲು ಬಿಗಿ ಹಿಡಿದು, ಬಾಯಿಂದಲೇ ಒಂದು ಉಸಿರು, ಇನ್ನೊಂದು ಉಸಿರು ಎಳೆದು, ಕಣ್ಣು ಬಿಟ್ಟ.

ಉರಿ. ಆಮೇಲೆ ಹಸಿರು. ಯಾವುದಕ್ಕೂ ಅಂಚಿಲ್ಲ. ಎದುರಿಗೆ ಕರಿಯದೊಂದು ಗುಡ್ಡೆ, ಅದರ ನಡುವೆ ಬೆಳ್ಳಗಿನದೇನೋ. ಎರಡೋ, ನಾಲ್ಕೋ. ಅಂದಾಜು ನಾಲಿಗೆಯ ತುದಿಗೇ ಬಂದು ಕೂತಿತ್ತು. ಅವನ ಕೈ ಅವನನ್ನು ಕೇಳದೆ ಮುಂದೆ ಹೋಯಿತು. ಅದನ್ನು ಹಿಂದಕ್ಕೆಳೆದು, ಮಾಸ್ಕ್‌ನೊಂದಿಗೆ ಹೊಟ್ಟೆಗೆ ಒತ್ತಿಕೊಂಡು, ಮುಖವನ್ನಷ್ಟೇ ಮುಂದೆ ಚಾಚಿ ನೋಡಿದ. ರೆಪ್ಪೆ ಮುಚ್ಚಲು ಹವಣಿಸುತ್ತಿತ್ತು. ಬೆಳ್ಳಗಿನದು ನಿಧಾನಕ್ಕೆ ಸೀಳಿಕೊಂಡು ಬೆರಳುಗಳಾಯಿತು.

ಹನೀಫ ಮೂರು ಬೆರಳು ಎತ್ತಿದ. ಮಾಸ್ಕ್ ಹಾಕಿ, ತಲೆ ಹಿಂದಕ್ಕೆ ಮಾಡಿ, ಮೂಗಿನಿಂದ ಊದಿ ನೀರು ಹೊರದೂಡಿದ.

ಮೇಲೆ ಬಂದು ಬಂಡೆ ಹಿಡಿದಾಗ ಅವನ ಕಣ್ಣುಗಳು ಕೆಂಪಗಾಗಿ ನೀರು ಸುರಿಸುತ್ತಿದ್ದವು. ಸಂಘಮಿತ್ರಾ ಎಷ್ಟು ಎಂದು ಕೇಳಿದಳು, ಅವನು ಮೂರು ಅಂದ.

"ಮತ್ತ ಗಾಳ್ಯಾಗ ಗುಂಡು ಹೊಡದಿ ನೋಡು," ಎಂದ ದಂಡೆಯಿಂದ ಭೀಮು.

ಹನೀಫ ಅವನತ್ತ ತಿರುಗಲಿಲ್ಲ. "ಮೇಡಂ, ನಡುಬೆರಳಿಗೆ ಬಿಳೇ ಪಟ್ಟಿ ಯಾಕ ಸುತ್ತಿದ್ರಿ? ಗಾಯ ಆಗೈತೇನ್ರಿ?"

"ಗಾಯ ಏನೂ ಇಲ್ರಿ. ನೀವು ಮಾಸ್ಕ್ ತೆಗದಮ್ಯಾಲೆ ಸುತ್ಕೊಂಡು, ಹಾಕೂದ್ರಾಗ ಬಿಚ್ಚಿದೆ, ನಿಮ್ಮ ಸಲುವಾಗಿ; ಕಣ್ಣು ಬಿಟ್ಟವರಿಗಷ್ಟ ಕಾಣಬೇಕಂತ." ಅವಳು ಮುಷ್ಟಿಯಲ್ಲಿದ್ದ ಪಟ್ಟಿಯನ್ನು ಹಿಂಡಿದಳು. ನಾಳೆಯಿಂದ ತಂಡದವರ ಜೊತೆಗೇ ಬರಬೇಕೆಂದು ಹೇಳಿ, ಭೀಮುವನ್ನು ನೀರಿಗೆ ಕರೆದಳು.

ಭೀಮು ಸಿಲಿಂಡರಿನ ಪಟ್ಟಿ ಬಿಗಿದುಕೊಳ್ಳುವ ನೆವದಲ್ಲಿ ಹನೀಫನ ಮಗ್ಗುಲಿಗೆ ಬಗ್ಗಿದ. ಅವನ ದನಿ ಬಂಡೆ ದಾಟಲಿಲ್ಲ.

"ಅಣ್ಣಾ, ಕಣ್ಣು ಭಾಳ ಉರಿತಾವೇನು?"