ಕಿವಿಗಿಟ್ಟ ಕೈಗವಸು

ಪ್ರಯೋಗಾಲಯದ ಬಾಗಿಲು ತೆರೆದ ಮೇಲೆ ಮೊದಲು ಆಗಬೇಕಾದ ಕೆಲಸ ಕೈಗವಸು ಪರೀಕ್ಷೆ. ಮೊಣಕೈವರೆಗೆ ಬರುವ ಕಪ್ಪು ರಬ್ಬರಿನ ದಪ್ಪ ಗವಸು. ಗವಸಿನ ಬಾಯೊಳಗೆ ಗಾಳಿ ಹಿಡಿದು, ಚಾಪೆ ಸುತ್ತಿದಂತೆ ಸುತ್ತುತ್ತ ಬಂದರೆ ಐದು ಬೆರಳುಗಳೂ ಉಬ್ಬಿ ಬಿಗಿಯುತ್ತವೆ. ಆಗ ಅದನ್ನು ಕಿವಿಗೆ ಹಿಡಿಯಬೇಕು. ಸೂಜಿಮೊನೆಯಷ್ಟು ತೂತಿದ್ದರೂ ‘ಸುಸ್’ ಎಂದು ಅದೇ ಹೇಳುತ್ತದೆ. ಹೇಳಿದರೆ ಕತ್ತರಿಯಲ್ಲಿ ಎರಡು ತುಂಡು ಮಾಡಿ ಬುಟ್ಟಿಗೆ. ಹೇಳದಿದ್ದರೆ ಅಂಚಿನ ಮೇಲೆ ಸೀಮೆಸುಣ್ಣದಲ್ಲಿ ತಾರೀಖು, ರುಜು. ಸಂಜೆ ಗವಸು ತೊಳೆಯುವಾಗ ರುಜುವೂ ಅಳಿಸಿಹೋಗಬೇಕು, ಮರುದಿನ ಮತ್ತೆ ಹೊಸದಾಗಿ ಪರೀಕ್ಷೆ ಮಾಡಬೇಕು. ಸೀಮೆಸುಣ್ಣವನ್ನೇ ಆರಿಸಿದ್ದು ಅದಕ್ಕೆ.

ಈ ಪದ್ಧತಿ ತಂದವನು ಹಿರಿಯ ತಂತ್ರಜ್ಞ. ಮೂವತ್ತೊಂದು ವರ್ಷ ದಿನವೂ ಗವಸನ್ನು ಕಿವಿಗಿಟ್ಟುಕೊಂಡು, ಯಾರೋ ದೂರದಿಂದ ಫೋನ್ ಮಾಡಿದಂತೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ ಅವನಿಗೆ ಕಟ್ಟಡದವರೆಲ್ಲ ಗವಸಪ್ಪ ಎಂದು ಹೆಸರಿಟ್ಟಿದ್ದರು. “ಏನಂತೆ ಗವಸಪ್ಪ, ಮನೆ ಕಡೆ ಎಲ್ಲ ಕ್ಷೇಮವಂತಾ?” ಎಂದು ಗುಮಾಸ್ತ ಕೇಳಿದರೆ, “ನಿನ್ನನ್ನೇ ವಿಚಾರಿಸ್ತಿದೆ, ಒಳಗೆ ಬರಬೇಡ ಅಂತಿದೆ” ಎನ್ನುತ್ತಿದ್ದ.

ತಮಾಷೆ ಅಷ್ಟಕ್ಕೇ. ಒಳಗಿನ ಕೋಣೆಯಲ್ಲಿ ಕಲ್ಲಿನ ಪುಡಿ ಕರಗಿಸಲು ಇಟ್ಟಿದ್ದು ಹೈಡ್ರೋಫ್ಲೋರಿಕ್ ಆಮ್ಲ. ಗಾಜನ್ನೇ ತಿನ್ನುವುದರಿಂದ ಅದನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಇಡಬೇಕು. ಹೊಸದಾಗಿ ಬಂದವರಿಗೆಲ್ಲ ಗವಸಪ್ಪ ಒಂದೇ ಪಾಠ ಹೇಳುತ್ತಿದ್ದ: “ಬೇರೆ ಆಸಿಡ್‌ಗಳು ಜಗಳಗಂಟರು. ಮೈಗೆ ತಾಗಿದ ತಕ್ಷಣ ಕೂಗಾಡ್ತವೆ, ನೀವೂ ಕೂಗ್ತೀರಿ, ನಲ್ಲಿ ಕಡೆ ಓಡ್ತೀರಿ. ಇದು ನಗ್ತಾ ಬರೋ ನೆಂಟ. ತಾಗಿದ್ದೇ ಗೊತ್ತಾಗಲ್ಲ. ಚರ್ಮ ದಾಟಿ ಒಳಗೆ ಹೋಗಿ ಮೂಳೆಯಲ್ಲಿರೋ ಸುಣ್ಣಕ್ಕೆ ಕೈ ಹಾಕುತ್ತೆ. ನೋವು ಶುರುವಾಗೋ ಹೊತ್ತಿಗೆ ನೆಂಟ ಪೆಟ್ಟಿಗೆ ಖಾಲಿ ಮಾಡಿರ್ತಾನೆ.” ಆಮೇಲೆ ಜೇಬಿನಿಂದ ಕ್ಯಾಲ್ಸಿಯಂ ಜೆಲ್ಲಿನ ಟ್ಯೂಬು ತೆಗೆದು ತೋರಿಸುತ್ತಿದ್ದ. ಅನುಮಾನ ಬಂದರೂ ಸಾಕು, ಮೊದಲು ನೀರು, ಆಮೇಲೆ ಜೆಲ್, ಆಮೇಲೆ ಆಸ್ಪತ್ರೆ. ಅಂಥದೇ ಇನ್ನೊಂದು ಟ್ಯೂಬು ಮನೆಯ ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇರುತ್ತಿತ್ತು.

ಅವನ ಅಳಿಯ ಅದೇ ಕೋಣೆಯಲ್ಲಿ ಆರು ವರ್ಷದಿಂದ ಕಿರಿಯ ತಂತ್ರಜ್ಞ. ಮಾವ ನಿವೃತ್ತನಾದ ಮೇಲೆ ಆ ಜಾಗ ಅಳಿಯನಿಗೇ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಅದಕ್ಕೆ ಇನ್ನು ಎರಡು ತಿಂಗಳಿತ್ತು.

ಯಾರಿಗೂ ಗೊತ್ತಿಲ್ಲ ಎಂದು ಗವಸಪ್ಪ ಅಂದುಕೊಂಡಿದ್ದ ಮಾತು ಬೇರೊಂದಿತ್ತು. ಒಂದೂವರೆ ವರ್ಷದಿಂದ ಅವನ ಕಿವಿ ಸೋಲುತ್ತ ಬಂದಿತ್ತು. ದಪ್ಪ ಸದ್ದುಗಳು ಉಳಿದಿದ್ದವು: ಲಾರಿ, ಬಾಗಿಲು, ಹೊಗೆ ಎಳೆಯುವ ಫ್ಯಾನಿನ ಗುಡುಗು. ತೆಳುವಾದವು ಒಂದೊಂದಾಗಿ ಹೇಳದೆ ಕೇಳದೆ ಎದ್ದುಹೋಗಿದ್ದವು. ಒಂದು ದಿನ ರುಜು ಹಾಕಲು ಹೊರಟ ಗವಸಿನಿಂದ ಕೆನ್ನೆಗೆ ತಣ್ಣಗೆ ಗಾಳಿ ಸೋಕಿತು. ಸದ್ದೇ ಇರಲಿಲ್ಲ. ಆ ಗವಸನ್ನು ಕತ್ತರಿಸಿ ಬುಟ್ಟಿಗೆ ಹಾಕಿದ. ‘ಅನುಮಾನವಿದ್ದರೆ ಗವಸನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಿ’ ಎಂದು ಗೋಡೆಯ ಮೇಲಿನ ನಿಯಮದಲ್ಲಿ ಅವನೇ ಬರೆದಿದ್ದ. ಆದರೆ ಮೂವತ್ತು ವರ್ಷ ಕಿವಿಗಿಟ್ಟವನು ಇದ್ದಕ್ಕಿದ್ದಂತೆ ತೊಟ್ಟಿಗೆ ಅದ್ದತೊಡಗಿದರೆ ಗುಮಾಸ್ತ ಸುಮ್ಮನಿರುವನೇ? ಕಿವಿ ಕೆಟ್ಟವನನ್ನು ಆಮ್ಲದ ಕೋಣೆಯಲ್ಲಿ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಕೊನೆಯ ದಿನಗಳನ್ನು ಗೇಟಿನ ಬಳಿ ಸ್ಟೂಲಿನ ಮೇಲೆ ಕಳೆಯಬೇಕಾಗುತ್ತದೆ. ಕೆನ್ನೆ ಇದೆಯಲ್ಲ ಎಂದುಕೊಂಡ. ಕೆನ್ನೆಗೆ ಗಾಳಿ ತಾಗದಿದ್ದರೆ ಗವಸು ಸರಿ ಎಂದು ರುಜು ಹಾಕುತ್ತ ಬಂದ.

ಆ ಬುಧವಾರ ಅಳಿಯ ದಿನವಿಡೀ ಆಮ್ಲ ಸುರಿದು, ಪಾತ್ರೆ ತೊಳೆದು, ಗವಸು ತೊಳೆದು, ಮಾವ, ಹೆಂಡತಿಯೊಡನೆ ಒಟ್ಟಿಗಿದ್ದ ಮನೆಗೆ ಬಂದ. ಏಳು ಗಂಟೆಗೆ ಬಲಗೈಯ ತೋರುಬೆರಳು ಚಳಕ್ಕೆಂದಿತು. “ಬಾಗಿಲಿಗೆ ಸಿಕ್ಕಿರಬೇಕು,” ಎಂದು ಬೆರಳನ್ನು ತಣ್ಣೀರಿನ ಲೋಟಕ್ಕೆ ಇಳಿಬಿಟ್ಟ. ಗವಸಪ್ಪ ಆ ಬೆರಳನ್ನು ದೀಪದ ಕೆಳಗೆ ಹಿಡಿದು ನೋಡಿದ. ಗಾಯವಿಲ್ಲ, ಗುಳ್ಳೆಯಿಲ್ಲ. ತುದಿ ಮಾತ್ರ ನೆನೆದ ಕಾಗದದಂತೆ ಬೆಳ್ಳಗಿತ್ತು. ಉಗುರಿನ ಕೆಳಗೆ ಬೂದು ಬಣ್ಣ.

ಗವಸಪ್ಪ ತಡಮಾಡಲಿಲ್ಲ. ನಲ್ಲಿಯ ಕೆಳಗೆ ಐದು ನಿಮಿಷ ಹಿಡಿದ. ಟ್ಯೂಬು ಪೂರ್ತಿ ಖಾಲಿಯಾಗುವಷ್ಟು ಜೆಲ್ ಹಚ್ಚಿ ತಿಕ್ಕುತ್ತಲೇ ಆಸ್ಪತ್ರೆಗೆ ಕರೆದೊಯ್ದ. ಬೆರಳಿನ ಎರಡು ಗೆಣ್ಣು ಹೋದವು. “ಜೆಲ್ ಹಚ್ಚದೆ ಬಂದಿದ್ರೆ ಕೈಯೇ ಉಳೀತಿರಲಿಲ್ಲ. ಯಾರ್ರೀ ಅದು, ಅಷ್ಟು ಜಾಣರು?” ಎಂದು ವೈದ್ಯೆ ಕೇಳಿದಳು. “ನಮ್ಮಪ್ಪ,” ಎಂದಳು ಮಗಳು.

ಮೂರನೆಯ ದಿನ ಮಗಳು ಔಷಧಿ ತರಲು ಹೋದಾಗ ಅಳಿಯ ಮಾವನನ್ನು ಹತ್ತಿರ ಕರೆದ. ಬಾಯಿ ಕಾಣುವಂತೆ ಮುಖ ತಿರುಗಿಸಿಕೊಂಡು, ಬಿಡಿಸಿ ಬಿಡಿಸಿ ಮಾತಾಡಿದ. “ಮಾವ, ವಿಚಾರಣೆ ನಡೆಯುತ್ತೆ. ಪರೀಕ್ಷೆ ಆಗದ ಗವಸು ನಾನೇ ಅವಸರದಲ್ಲಿ ಹಾಕ್ಕೊಂಡೆ ಅಂತೀನಿ. ತೊಳೆದಾಗ ರುಜು ಹೋಗಿದೆ, ಕೇಳೋರಿಲ್ಲ.”

“ಏನು ಮಾತು ಅಂತ ಆಡ್ತೀಯ? ಅದು ನಾನೇ ನೋಡಿದ ಗವಸು.”

“ನೋಡಿದ್ರಿ ಮಾವ. ಕೇಳಿಸಿತ್ತಾ?”

ಗವಸಪ್ಪ ಕಿಟಕಿಯ ಕಡೆ ನೋಡಿದ. ಅಳಿಯ ಎಡಗೈಯಿಂದ ಅವನ ತೋಳು ಮುಟ್ಟಿ ಮತ್ತೆ ತನ್ನ ಕಡೆ ತಿರುಗಿಸಿಕೊಂಡ.

“ಒಂದು ವರ್ಷದಿಂದ ಗೊತ್ತು ನನಗೆ. ನೀವು ಟೀಗೆ ಹೋದಾಗ ಎಲ್ಲಾ ಗವಸೂ ಮತ್ತೆ ನೀರಲ್ಲಿ ಅದ್ದಿ ನೋಡ್ತಿದ್ದೆ. ನಾಲ್ಕು ಸಲ ಗುಳ್ಳೆ ಬಂದಿತ್ತು. ಕತ್ತರಿಸಿ ಹಾಕಿ ಸುಮ್ಮನಾದೆ. ಬುಧವಾರ ಮುಖ್ಯಸ್ಥರು ಕರೆದ್ರು, ಅದ್ದಿ ನೋಡೋಕೆ ಹೊತ್ತು ಸಿಗಲಿಲ್ಲ. ಎರಡು ತಿಂಗಳು ತಾನೇ? ತಲೆ ಎತ್ತಿಕೊಂಡು ಹೋಗಿ.”

“ಮಗಳಿಗೆ?”

“ಅವಳಿಗೂ ಇದನ್ನೇ ಹೇಳ್ತೀನಿ. ನಿಮ್ಮ ಕಿವಿ ಅಂದ್ರೆ ಅವಳಿಗೆ ಪ್ರಾಣ. ನೀವಾಗೇ ಹೇಳೋದಾದ್ರೆ ಹೇಳಿ.”

ಬೇಡ ಅನ್ನಬೇಕಿತ್ತು. ಆ ಮಾತು ಗವಸಪ್ಪನ ನಾಲಿಗೆಯವರೆಗೆ ಬಂದಿತ್ತು ಕೂಡ. ಅಷ್ಟರಲ್ಲಿ ಮಗಳು ಔಷಧಿಯ ಚೀಲ ಹಿಡಿದು ಒಳಗೆ ಬಂದಳು.

ವಿಚಾರಣೆಯ ದಿನ ಗವಸಪ್ಪ ಎಲ್ಲರ ತುಟಿಯೂ ಕಾಣುವ ಕುರ್ಚಿ ಆರಿಸಿಕೊಂಡ. ಅಳಿಯ ಒಪ್ಪಿಸಿದ ಪಾಠ ಮುಗಿದ ಮೇಲೆ ಮುಖ್ಯಸ್ಥರು ಈ ಕಡೆ ತಿರುಗಿದರು. “ಅಳಿಯ ಅಂತ ಮುಚ್ಚಿಡಬೇಡಿ. ಆ ಗವಸು ನಿಮ್ಮ ಕೈಗೆ ಬಂದಿತ್ತಾ?”

“ನೆನಪಿಲ್ಲ ಸರ್.”

ಮೇಜಿನ ಸುತ್ತ ಇದ್ದ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು. ಪಾಪ, ಮಗಳ ಗಂಡನ ಮೇಲಿನ ಮಮತೆ. “ನಿಮ್ಮ ಸಂಕಟ ಅರ್ಥವಾಗುತ್ತೆ,” ಎಂದರು ಮುಖ್ಯಸ್ಥರು. “ಮನೆಯಲ್ಲೂ ಟ್ಯೂಬು ಇಟ್ಟುಕೊಂಡಿದ್ದೀರಲ್ಲ, ಅದು ನಿಷ್ಠೆ ಅಂದ್ರೆ.” ಅಳಿಯನ ಹೆಸರಿನ ಮುಂದೆ ‘ಅಜಾಗರೂಕತೆ’ ಎಂದು ಬರೆದರು. ಆಮ್ಲದ ಕೋಣೆಗೆ ಅವನು ಇನ್ನು ಕಾಲಿಡುವಂತಿಲ್ಲ. ಹಿರಿಯ ಹುದ್ದೆಯ ಮಾತೇ ಇಲ್ಲ. ಇನ್ನು ಮೇಲೆ ಹಿಂಬದಿಯ ಕೋಣೆಯಲ್ಲಿ ಸೀಸೆ ತೊಳೆಯಬೇಕು, ಒಂಬತ್ತು ಬೆರಳಲ್ಲಿ.

ಮನೆಯಲ್ಲಿ ಮಗಳು ಗಂಡನ ಅಂಗಿಯ ಗುಂಡಿ ಹಾಕುತ್ತಿದ್ದಳು. ಹಾಕುತ್ತಿದ್ದಳು ಅನ್ನುವುದಕ್ಕಿಂತ ತಿವಿಯುತ್ತಿದ್ದಳು. “ಆರು ವರ್ಷ ನೀನು ಅಪ್ಪನ ಪಕ್ಕದಲ್ಲೇ ಇದ್ದೆ. ಒಂದು ಗವಸು ಪರೀಕ್ಷೆ ಮಾಡಿಸಿಕೊಳ್ಳೋಕೆ ಸೋಮಾರಿತನ! ಕತ್ತೆಗೇನು ಗೊತ್ತು ಕಸ್ತೂರಿ.” ಅಳಿಯ ಗೋಡೆ ನೋಡುತ್ತ, “ಕಾಲರ್ ಬಿಗಿ ಆಯ್ತು ಕಣೆ,” ಎಂದ. “ಆಗಲಿ,” ಎಂದಳು. ಎದುರಿಗೆ ಕೂತ ಗವಸಪ್ಪ ಇದನ್ನೆಲ್ಲ ತುಟಿಗಳಲ್ಲಿ ಓದಿದ. ತುಟಿಯ ಮಾತಿನಲ್ಲಿ ಏರಿಳಿತ ಇರುವುದಿಲ್ಲ. ಹಾಗಾಗಿ ಎಷ್ಟು ಚುಚ್ಚಿತು ಎಂಬುದನ್ನು ಅಳಿಯನ ಮುಖದಲ್ಲೇ ನೋಡಬೇಕಾಯಿತು.

ನಿವೃತ್ತಿಗೆ ಹತ್ತು ದಿನ ಇರುವಾಗ ಸಿಳ್ಳೆ ಹಾಕುವ ಕೆಟಲು ಒಲೆಯ ಮೇಲೆ ಬತ್ತಿ ಸೀದುಹೋಯಿತು. ಗವಸಪ್ಪ ಮೂರು ಅಡಿ ದೂರದಲ್ಲಿ ಪತ್ರಿಕೆ ಹಿಡಿದು ಕೂತಿದ್ದ. ಮಗಳು ಬಂದು ಒಲೆ ಆರಿಸಿದಳು. “ಅಪ್ಪಾ, ಸಿಳ್ಳೆ ಕೇಳಿಸಲಿಲ್ವಾ?”

“ಓದ್ತಾ ಇದ್ದೆ.”

ಅವಳು ಕಪ್ಪಾದ ಕೆಟಲನ್ನೂ ಅಪ್ಪನನ್ನೂ ನೋಡಿದಳು.

ಭಾನುವಾರ ಬೆಳಗ್ಗೆ ಗವಸಪ್ಪ ಗಾಜಿನ ಬಾಗಿಲಿನ ಪುಸ್ತಕದ ಬೀರುವಿನ ಎದುರು ಕೂತು ಬೂಟು ಉಜ್ಜುತ್ತಿದ್ದ. ತಲೆ ಎತ್ತಿದಾಗ ಗಾಜಿನಲ್ಲಿ ಮಗಳು ಕಂಡಳು. ಅವನ ಬೆನ್ನ ಹಿಂದೆ, ಐದಾರು ಅಡಿ ದೂರದಲ್ಲಿ, ಬರಿಗಾಲಲ್ಲಿ ನಿಂತಿದ್ದಳು. ಅವಳ ತುಟಿ ಆಡಿತು. ಅಪ್ಪಾ. ಸ್ವಲ್ಪ ತಡೆದು ಮತ್ತೆ ಆಡಿತು. ಅಪ್ಪಾ.

ಏನೂ ಕೇಳಿಸಲಿಲ್ಲ. ಕೋಣೆ ಹತ್ತಿ ತುರುಕಿದಂತಿತ್ತು.

ಇದು ಪರೀಕ್ಷೆ ಎಂದು ಅವನಿಗೆ ತಕ್ಷಣ ತಿಳಿಯಿತು. ಜನ್ಮವೆಲ್ಲ ಗವಸುಗಳಿಗೆ ಮಾಡಿದ್ದೂ ಇದನ್ನೇ ಅಲ್ಲವೇ? ಸುಮ್ಮನೆ ಕೂತರೆ ಸಾಕಿತ್ತು. ಬಾಯಿ ಬಿಡುವ ಕಷ್ಟವೂ ಇರಲಿಲ್ಲ. ಬ್ರಷ್ಷನ್ನು ಇನ್ನೆರಡು ಸಲ ಬೂಟಿನ ಮೇಲೆ ಆಡಿಸಿದ್ದರೆ ಅವಳೇ ಎಲ್ಲ ತಿಳಿದುಕೊಳ್ಳುತ್ತಿದ್ದಳು. ಗಂಡನ ಬಳಿ ಹೋಗಿ ಮಂಡಿಯೂರಿ ಕೂರುತ್ತಿದ್ದಳು. ಗಾಜಿನಲ್ಲಿ ಅವಳ ಮುಖ ಕಾಯುತ್ತಿತ್ತು. ಕರೆಯುವುದೋ ಬೇಡವೋ ಎಂಬಂತೆ ತುಟಿ ಮೂರನೆಯ ಸಲ ತೆರೆಯಿತು.

ಗವಸಪ್ಪ ತಿರುಗಿ ನೋಡಿದ. “ಏನಮ್ಮಾ?”

ಅವಳ ಭುಜ ಇಳಿಯಿತು. ಕಣ್ಣು ತುಂಬಿ, ನಕ್ಕಳು. “ಏನಿಲ್ಲ ಬಿಡಪ್ಪಾ. ನನಗೇ ಬುದ್ಧಿ ಇಲ್ಲ, ಏನೇನೋ ಅನುಮಾನ.”

ಅವಳು ಒಳಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಅಳಿಯ ಎಡಗೈಯಲ್ಲಿ ಅಕ್ಷರ ತಿದ್ದುತ್ತ ಕೂತಿದ್ದ. ಅವನಿಗೆ ಅವಳು ಏನು ಹೇಳಿದಳೋ, ಬೆನ್ನು ಈ ಕಡೆ ಇದ್ದುದರಿಂದ ಗವಸಪ್ಪನಿಗೆ ತಿಳಿಯಲಿಲ್ಲ. ಅಳಿಯ ಮಾತ್ರ ಅವಳ ಭುಜದ ಮೇಲಿಂದ ಮಾವನನ್ನು ನೋಡಿದ, ಆಮೇಲೆ ಮಾವನ ಹಿಂದಿದ್ದ ಬೀರುವಿನ ಗಾಜನ್ನು ನೋಡಿದ. ಬಹಳ ಹೊತ್ತು ನೋಡಿದ. ಪೆನ್ಸಿಲ್ ಕೆಳಗಿಟ್ಟ.